ಸಿಮೆಂಟ್ ಬಡಿದ ಪುಣ್ಯಾತ್ಮ

‘ಈ ಗೋಡಿಗೆ ಸಿಮೆಂಟ್ ಬಡಿದ ಪುಣ್ಯಾತ್ಮ ಯಾರ್ರಿ?’

ಹರಿಹರದಿಂದ ಬಂದಿದ್ದ ಗಾರೆ ಮೇಸ್ತ್ರಿ ಹನುಮಂತಜ್ಜ ಕೇಳಿದಾಗ ನಾನು ನೆಲದ ಕಲ್ಲು ಎಣಿಸತೊಡಗಿದೆ. ಆ ಪುಣ್ಯಾತ್ಮ ನಾನೇ.

ದಾವಣಗೆರೆ ಪೇಟೆಯ ಆ ಹಳೆಯ ಚರ್ಚಿನ ಗೋಡೆಗಳು ತೇವ ಹಿಡಿದು ಉದುರುತ್ತಿದ್ದವು. ಎಂಜಿನಿಯರಾದ ನಾನು ವರದಿಯಲ್ಲಿ ‘ಅಪಾಯ’ ಎಂದು ಬರೆದರೆ ಭಾನುವಾರದಿಂದಲೇ ಚರ್ಚಿಗೆ ಬೀಗ. ಮನೆಯ ಫ್ಯಾನು ಕಿರ್ ಅಂದರೂ ಮಂಚ ಸರಿಸಿ ಮಲಗುವವನು ನಾನು. ಕೆಲವು ವರ್ಷಗಳ ಹಿಂದೆ ಅದೇ ಭಯಕ್ಕೆ ಇಲ್ಲಿನ ಸುಣ್ಣದ ಗಾರೆಯ ಮೇಲೆ ದಪ್ಪಗೆ ಸಿಮೆಂಟ್ ಹೊಡೆಸಿದ್ದೆ.

ಅಜ್ಜ ಉಳಿಯಿಂದ ಅಂಗೈಯಗಲ ಸಿಮೆಂಟ್ ಎಬ್ಬಿಸಿದರು. ಒಳಗಿನ ಇಟ್ಟಿಗೆ ಒದ್ದೆಯಾಗಿತ್ತು, ಆದರೆ ಗಟ್ಟಿಯಾಗಿತ್ತು.

‘ಗೋಡೆ ಚಲೋ ಐತ್ರಿ. ಸಿಮೆಂಟ್ ಅಡ್ಡ ಐತಿ, ಒಳಗಿನ ನೀರು ಹೊರಗೆ ಬರಾಕೆ ದಾರಿ ಇಲ್ಲ, ಅಷ್ಟೆ. ಇದನ್ನೆಲ್ಲ ಕಿತ್ತಾಕ್ರಿ, ಬೆಲ್ಲದ ನೀರು ಹಾಕಿ ಸುಣ್ಣದ ಗಾರೆ ಮಾಡ್ಕೊಡ್ತೀನಿ.’

ಪಕ್ಕದಲ್ಲಿದ್ದ ಪಾದ್ರಿಗಳು ನನ್ನ ಮುಖ ನೋಡಿದರು. ‘ಹಂಗಾದ್ರೆ ಬೀಗ ಬ್ಯಾಡ ಅಲ್ರಿ ಸಾರ್?’

‘ಬ್ಯಾಡ ಫಾದರ್,’ ಎಂದೆ. ಆಮೇಲೆ ಧೈರ್ಯ ಮಾಡಿ, ‘ಸಿಮೆಂಟ್ ಹೊಡೆಸಿದ್ದು ನಾನೇ’ ಅಂದುಬಿಟ್ಟೆ.

ಅಜ್ಜ ನಕ್ಕರು. ‘ಆಗ್ಲೇ ಗೊತ್ತಾತು ಬಿಡ್ರಿ. ಎಲ್ರೂ ಗೋಡೆ ನೋಡ್ತಿದ್ರೆ ನೀವೊಬ್ರೇ ನೆಲ ನೋಡ್ತಿದ್ರಿ.’

ವರದಿಯಲ್ಲಿ ‘ತೇವಕ್ಕೆ ಕಾರಣ: ಹಿಂದಿನ ದುರಸ್ತಿ’ ಎಂದು ಬರೆದು, ಅದನ್ನು ಮಾಡಿಸಿದವನ ಹೆಸರನ್ನೂ ಸೇರಿಸಿದೆ. ಈಗ ಒಂದೊಂದೇ ಗೋಡೆ ಮತ್ತೆ ಸುಣ್ಣದ ಗಾರೆ ಕಾಣುತ್ತಿದೆ, ಭಾನುವಾರದ ಪ್ರಾರ್ಥನೆ ನಿಂತಿಲ್ಲ. ನನ್ನ ಭಯವೂ ಹೋಗಿಲ್ಲ. ಆದರೆ ಯಾವುದೇ ಹಳೆಯ ಕಟ್ಟಡಕ್ಕೆ ಹೋದರೂ, ಅದು ಎಷ್ಟು ಹಳತು ಎಂದು ಕೇಳುವ ಮೊದಲು, ಇದನ್ನು ಕಾಪಾಡಲು ಯಾರ್‍ಯಾರು ಏನೇನು ಮಾಡಿದ್ದಾರೆ ಎಂದು ವಿಚಾರಿಸುತ್ತೇನೆ.