ಷಡ್ಡಕನ ಕಾರಿನ ಆಯಿಲ್ ಫಿಲ್ಟರ್

...ಅಥವಾ ಆ ಕಾರು ಹಾರ್ನ್ ಹೊಡೆಯಲೇ ಇಲ್ಲವೋ ಏನೋ. ಹೊಡೆಯಿತೆಂದೇ ನಾನು ಇಷ್ಟು ದಿನ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಅದೂ ಸಣ್ಣಗಲ್ಲ, ಉದ್ದಕ್ಕೆ, ಜಮಖಂಡಿಯ ನಮ್ಮ ಓಣಿಯವರೆಲ್ಲ ಬಾಗಿಲಿಗೆ ಬರುವ ಹಾಗೆ. ನನ್ನ ಹೆಂಡತಿ ಶಾಂತಾ ಮಾತ್ರ ಒಪ್ಪುವುದಿಲ್ಲ.

"ಹಾರ್ನ್ ಎಲ್ಲಿ ಹೊಡದ್ರು? ಸಾವಕಾಶ ಹಾದು ಹ್ವಾದ್ರು. ನಿಮಗ ಕೇಳಬೇಕಾಗಿತ್ತು, ಕೇಳಿಸ್ತು," ಅನ್ನುತ್ತಾಳೆ.

ಇರಬಹುದು. ನೆನಪಿಗೆ ಕಿವಿ ಇರುವುದಿಲ್ಲ, ಹೊಟ್ಟೆ ಇರುತ್ತದೆ. ನನ್ನದು ಆ ದಿನ ಚೆನ್ನಾಗಿ ಉರಿಯುತ್ತಿತ್ತು.

ಕಾರು ನನ್ನ ಷಡ್ಡಕ ಮಲ್ಲಪ್ಪನದು. ಶಾಂತಾಳ ತಂಗಿಯ ಗಂಡ. ಬನಹಟ್ಟಿಯಲ್ಲಿ ನೂಲಿನ ವ್ಯಾಪಾರ. ಅದರಲ್ಲಿ ಕೂತಿದ್ದವರು ನಮ್ಮಿಬ್ಬರ ಮಾವನವರು, ಬೀಳಗಿಯವರು. ಅವರ ಕಣ್ಣಿಗೆ ಪೊರೆ ಬಂದಿದೆ, ಮಿರಜದ ಡಾಕ್ಟರಿಗೆ ತೋರಿಸಬೇಕು. ಕುಡಚಿ ಸ್ಟೇಷನ್ನಿನ ತನಕ ಕಾರು, ಮುಂದೆ ರೈಲು. ಈಗ ದಾರಿಯನ್ನು ಸ್ವಲ್ಪ ನೆನೆಸಿಕೊಳ್ಳಿ. ಬೀಳಗಿಗೆ ಹತ್ತಿರವಿರುವುದು ಜಮಖಂಡಿ, ಅಂದರೆ ನಾನು. ಬನಹಟ್ಟಿ ಇನ್ನೂ ಆಚೆ. ಮಲ್ಲಪ್ಪ ಬೀಳಗಿಗೆ ಹೋಗಬೇಕಾದರೆ ನನ್ನ ಬಾಗಿಲ ಮುಂದೆ ಹಾಯಬೇಕು. ಮಾವನವರನ್ನು ಕೂರಿಸಿಕೊಂಡು ಮತ್ತೆ ನನ್ನ ಬಾಗಿಲ ಮುಂದೆಯೇ ಹಾಯಬೇಕು. ಬೆಳಿಗ್ಗೆ ಖಾಲಿ ಹೋಯಿತು, ಬಿಸಿಲೇರುವ ಹೊತ್ತಿಗೆ ತುಂಬಿ ಬಂತು. ನನ್ನ ಕಾರು ಅಂಗಳದಲ್ಲಿ ನಿಂತು ನೋಡುತ್ತಿತ್ತು. ನಾನೂ.

ಎರಡೂ ಒಂದೇ ಕಂಪನಿಯ ವಿಲಾಯತಿ ಗಾಡಿಗಳು. ಎರಡನ್ನೂ ಸಾಂಗಲಿಯಲ್ಲಿ ಒಬ್ಬನೇ ದಲ್ಲಾಳಿ ಕೊಡಿಸಿದ್ದು. ವಯಸ್ಸೂ ಹೆಚ್ಚುಕಡಿಮೆ ಒಂದೇ. ಮಲ್ಲಪ್ಪನದು ಮದುಮಗಳ ಹಾಗೆ ಸದ್ದಿಲ್ಲದೆ ನಡೆಯುತ್ತದೆ. ನನ್ನದು? ನಮ್ಮನ್ನಾಳುವ ಮುಂಬೈ ಸರಕಾರ ಪಾನನಿರೋಧ ತಂದು ಈ ಸೀಮೆಯ ಬಾಯೆಲ್ಲ ಒಣಗಿಸಿದೆ. ನನ್ನ ಕಾರೊಂದೇ ಹಾಡಹಗಲಲ್ಲಿ ಕುಡಿಯುತ್ತದೆ. ಎಣ್ಣೆ ಹಾಕಿದಷ್ಟೂ ಹೀರಿ, ಹಿಂದಿನಿಂದ ನೀಲಿ ಹೊಗೆ ಬಿಟ್ಟು, ದಿನ್ನೆ ಬಂದಾಗ ಗೊಣಗುತ್ತದೆ. (ಪೊಲೀಸರು ಇನ್ನೂ ಹಿಡಿದಿಲ್ಲ.) ಒಮ್ಮೆ ಮಾವನವರನ್ನು ಮುಧೋಳಕ್ಕೆ ಕರೆದೊಯ್ದಿದ್ದೆ. ದಾರಿಯಲ್ಲಿ ನಿಂತಿತು. ಅವರು ಇಳಿದರು. ಹಿಂದಿನಿಂದ ಬಂದ ಬಸ್ಸು ಹತ್ತಿ ಹೋದರು. ಆಮೇಲೆ ಎಲ್ಲಿಗೆ ಹೋಗುವುದಿದ್ದರೂ ಬನಹಟ್ಟಿಗೇ ಹೇಳಿಕಳಿಸುತ್ತಾರೆ.

ಮಿರಜದ ಡಾಕ್ಟರು ನೋಡಿ, ಆಪರೇಷನ್ ಮಾಡಬೇಕು ಅಂದರು. ನಾನು ಅಂದೇ ನಿಶ್ಚಯಿಸಿದೆ. ಆಪರೇಷನ್ನಿಗೆ ಮಾವನವರು ಹೋಗುವುದು ನನ್ನ ಕಾರಿನಲ್ಲಿ. ಹಿರಿಯ ಅಳಿಯ ನಾನು. ಇದರಲ್ಲಿ ಕೇಳುವುದೇನಿದೆ?

ಕೇಳುವುದಿತ್ತು. ಇಂಜಿನ್ನಿಗೆ ಎಣ್ಣೆ ಸೋಸುವ ಒಂದು ಡಬ್ಬಿ ಇರುತ್ತದೆ, ಆಯಿಲ್ ಫಿಲ್ಟರ್. ನನ್ನದರ ಒಳಗಿನ ಸರಕು ಕೆಟ್ಟು ಡಾಂಬರಾಗಿದೆ, ಬದಲಿಸಿ ಎಂದು ಯಾರೋ ಹೇಳಿದರು. (ಯಾರು? ಬಸ್‌ಸ್ಟ್ಯಾಂಡಿನ ಮಿಸ್ತ್ರಿಯೋ, ಕೋರ್ಟಿನ ಬೇಲಿಫನೋ. ಕಾರಿನ ಬಗ್ಗೆ ನಮ್ಮ ಊರಲ್ಲಿ ಕಾರಿಲ್ಲದವರೇ ಹೆಚ್ಚು ಹೇಳುತ್ತಾರೆ.) ಬೆಳಗಾವಿಯ ಅಂಗಡಿಗೆ ಹೋದೆ. ಅಂಗಡಿಯವನು ಟೇಬಲ್ಲಿನ ಮೇಲೆ ಎರಡು ಇಟ್ಟ. ಒಂದು ವಿಲಾಯತಿಯದು, ಹೊಳೆಯುವ ರಟ್ಟಿನ ಪೆಟ್ಟಿಗೆಯಲ್ಲಿ. ಇನ್ನೊಂದು ಮುಂಬೈಯಲ್ಲಿ ಮಾಡಿದ್ದು, ಹಳೆಯ ಪೇಪರಿನಲ್ಲಿ ಸುತ್ತಿದ್ದು.

"ಅಗ್ಗದ್ದು ಬೇಕೋ, ನಂಬಿಗಸ್ತದ್ದು ಬೇಕೋ, ವಕೀಲ ಸಾಹೇಬ್ರ?"

"ಎರಡೂ ಇರೋದು ಕೊಡ್ರಿ."

"ಹಂಗಾದ್ರ ಇವತ್ತ ಅಂಗಡಿ ಸೂಟಿ ಐತಿ ಅಂತ ತಿಳಕೋರಿ."

ನಾನು ಎರಡನ್ನೂ ಕೈಯಲ್ಲಿ ತೂಗಿ ನೋಡಿದೆ. ಮೂಸಿ ನೋಡಿದೆ. ಗೊತ್ತಿಲ್ಲದವನು ಮಾಡುವುದೆಲ್ಲ ಮಾಡಿದೆ. ಕೊನೆಗೆ ಬಾಯಿ ತಡೆಯಲಿಲ್ಲ. ಬನಹಟ್ಟಿಯ ನೂಲಿನ ಮಲ್ಲಪ್ಪ ಯಾವುದು ಒಯ್ಯುತ್ತಾನೆ?

"ಅವ್ರು?" ಅಂಗಡಿಯವನು ನಕ್ಕ. "ಅವ್ರು ನಮ್ಮ ಅಂಗಡಿ ಮೆಟ್ಟಲಾ ಹತ್ತಿಲ್ರಿ."

ಅಂದರೆ ಅವನು ಕೊಳ್ಳುವುದೇ ಇಲ್ಲ. ಕೊಳ್ಳದೆಯೇ ಅವನ ಕಾರು ಹಾಗೆ ನಡೆಯುತ್ತದೆ. ನಿಮಗೆ ಅಂಥ ಮಾತು ಕೇಳಿದರೆ ಏನನ್ನಿಸುತ್ತದೋ ಗೊತ್ತಿಲ್ಲ. ಹೆಚ್ಚು ದುಡ್ಡು ಸುರಿದು ಗೆದ್ದವನನ್ನು ಕ್ಷಮಿಸಬಹುದು. ಏನೂ ಖರ್ಚು ಮಾಡದೆ ಗೆದ್ದವನನ್ನು ಕ್ಷಮಿಸಲು ಬಹಳ ದೊಡ್ಡ ಮನಸ್ಸು ಬೇಕು. ಬರಿಗೈಯಲ್ಲಿ ಬಸ್ಸು ಹತ್ತಿದೆ.

ಮರುದಿನ ಬನಹಟ್ಟಿಗೆ ಹೋದೆ. ಓಣಿಯ ಎರಡೂ ಕಡೆ ಮಗ್ಗದ ಲಟಪಟ. ಮಲ್ಲಪ್ಪ ಅಂಗಡಿಯ ಗಾದಿಯ ಮೇಲೆ ಎಲೆ ಮಡಿಸುತ್ತ ಕೂತಿದ್ದ.

"ಬರ್ರಿ ಅಣ್ಣಾರ. ಗಾಡಿ ತಂದೀರೋ, ಗಾಡಿನ ನಿಮ್ಮನ್ನ ತಂದೈತೋ?"

ನಾನು ನಗಲಿಲ್ಲ. ಫಿಲ್ಟರಿನ ಸಂಗತಿ ಕೇಳಿದೆ. ಅವನು ಗುಟ್ಟು ಮಾಡಲೇ ಇಲ್ಲ. ಅದು ನನ್ನನ್ನು ಇನ್ನಷ್ಟು ಸುಟ್ಟಿತು.

"ಫಿಲ್ಟರ ಅಂದ್ರೇನ್ರಿ? ಸೋಸೂದು. ಸೋಸೂದು ಯಾರ ಕೆಲಸ? ಅರಿವಿ ಕೆಲಸ. ಅರಿವಿ ಕೆಲಸ ಬನಹಟ್ಟಿಯವ್ರಿಗೆ ವಿಲಾಯತಿಯವ್ರು ಬಂದು ಕಲಿಸಬೇಕೇನು? ಹಳೆ ಡಬ್ಬಿ ಬಿಚ್ಚೂದು, ತೊಳಿಯೂದು, ಮಗ್ಗದ ಕಸನೂಲು ಗಚ್ಚಾಗಿ ತುಂಬೂದು. ಆತು."

"ಅಷ್ಟ?"

"ಅಷ್ಟ. ನೀವೂ ಒಯ್ರಿ. ನಮ್ಮದ ಅಂಗಡಿ ಐತಿ."

ಎಲೆ ಬಾಯಿಗೆ ಹಾಕಿಕೊಂಡು ಅಂಗಡಿಯ ಹಿಂದಿನ ಕೋಣೆ ತೋರಿಸಿದ. ಅಲ್ಲಿ ಎರಡು ಗುಡ್ಡೆ ಬಿದ್ದಿದ್ದವು. ಒಂದು ಹೊಕ್ಕಿನ ನೂಲಿನದು, ಮಗ್ಗದಲ್ಲಿ ಅಡ್ಡ ಓಡುವ ಎಳೆಯ ತುಂಡುಗಳು. ಮೆತ್ತಗೆ, ಸಿಕ್ಕುಸಿಕ್ಕಾಗಿ, ನೋಡಲು ಹೊಲಸು. ಇನ್ನೊಂದು ಹಾಸಿನ ನೂಲಿನದು, ಉದ್ದಕ್ಕೆ ಬಿಗಿಯುವ ಎಳೆಯ ತುದಿಗಳು. ಬೆಳ್ಳಗೆ, ನೆಟ್ಟಗೆ, ಬಾಚಿದ ಕೂದಲಿನಂತೆ. ನಾನು ಬಿಳಿಯದನ್ನು ಚೀಲ ತುಂಬಿಕೊಂಡೆ.

ಜಮಖಂಡಿಯ ಮಿಸ್ತ್ರಿ ಡಬ್ಬಿ ಬಿಚ್ಚಿಕೊಟ್ಟ. ತುಂಬಿದ್ದು ನಾನೇ, ನನ್ನ ಕೈಯಾರೆ. ಊರೊಳಗೆ ಒಂದು ಸುತ್ತು ಹಾಕಿದೆ. ಹೊಗೆ ಕಡಿಮೆಯಾಗಿದೆ ಅನಿಸಿತು. (ಶಾಂತಾಗೆ ಹಾಗೇನೂ ಅನಿಸಲಿಲ್ಲ.) ಬೀಳಗಿಗೆ ಹೇಳಿಕಳಿಸಿದೆ, ಆಪರೇಷನ್ನಿಗೆ ನಾನೇ ಕರೆದೊಯ್ಯುತ್ತೇನೆ, ಗಾಡಿ ಈಗ ಬನಹಟ್ಟಿ ಗಾಡಿಯ ಹಾಗೇ ಆಗಿದೆ. ಮಾವನವರು ಹೂಂ ಅಂದರು. ಆ ಹೂಂ ಕೇಳಿ ನಾನು ಎಷ್ಟು ಹಿಗ್ಗಿದೆ ಅನ್ನುವುದು ಬರೆಯುವ ಮಾತಲ್ಲ.

ಆಪರೇಷನ್ನಿಗೆ ಹೊರಟ ಬೆಳಿಗ್ಗೆ ಶಾಂತಾ ನನ್ನ ಪಕ್ಕದಲ್ಲಿ, ಮಾವನವರು ಹಿಂದೆ. ಬೀಳಗಿ ಬಿಟ್ಟೆವು. ಕಾರು ಸದ್ದಿಲ್ಲದೆ ನಡೆಯಿತು. ಜೋಳದ ಹೊಲಗಳು ಹಿಂದೆ ಸರಿದವು. ಮಲ್ಲಪ್ಪನ ಬಾಗಿಲ ಮುಂದೆ ಹಾರ್ನ್ ಎಷ್ಟು ಉದ್ದ ಹೊಡೆಯಬೇಕು ಎಂದು ನಾನು ಲೆಕ್ಕ ಹಾಕುತ್ತಿದ್ದೆ.

"ಅಳಿಯಾರ," ಅಂದರು ಮಾವನವರು, "ಇಂಜಿನ್ನ ಯಾಕೋ ಹಲ್ಲ ಕಡ್ಯಾಕತ್ತೇತ್ರಿ."

"ಇಲ್ರಿ, ರಸ್ತಾದ ಸಪ್ಪಳ ಅದು."

"ನನ್ನ ಕಣ್ಣ ಮಂಜಾಗ್ಯಾವ. ಕಿವಿ ಛಲೋ ಅದಾವು."

ಎಣ್ಣೆಯ ಗೇಜಿನ ಮುಳ್ಳು ಕೆಳಗೆ ಮಲಗಿತ್ತು. ನಿಲ್ಲಿಸಿದೆ. ಬಾನೆಟ್ ಎತ್ತಿ, ಬಟ್ಟೆ ಸುತ್ತಿದ ಕೈಯಿಂದ ಡಬ್ಬಿಯ ಮುಚ್ಚಳ ಬಿಚ್ಚಿದೆ. ಒಳಗೆ ನೂಲು ಕಾಣಲಿಲ್ಲ. ಕರಿ ಅಂಬಲಿಯಂಥದೇನೋ ಇತ್ತು. ಶಾಂತಾ ಬಗ್ಗಿ ಬೆರಳಲ್ಲಿ ಮುಟ್ಟಿ, ಮೂಗಿನ ಹತ್ತಿರ ತಂದಳು.

"ಇದು ಗಂಜಿ."

"ಏನು?"

"ಗಂಜಿ ಅಂತೇನಿ. ಹೊಸಾ ಸೀರಿ ಮೊದಲ ಸಲ ತೊಯಿಸಿದ್ರ ಬಿಡತದಲ್ಲ, ಅದ. ಹೊಕ್ಕಿನ ನೂಲಿಗೆ ಗಂಜಿ ಇರೂದಿಲ್ಲ, ಹಾಸಿನ ನೂಲಿಗೆ ಗಂಜಿ ಕೊಡದ ಮಗ್ಗಕ್ಕ ಏರಸ್ತಾರೇನು? ನೀವು ಹುಟ್ಟಿದಾಗಿಂದ ಬನಹಟ್ಟಿ ಧೋತ್ರಾನ ಉಡಾಕತ್ತೀರಿ. ಇಷ್ಟು ಗೊತ್ತಿಲ್ಲಾ?"

ಗೊತ್ತಿತ್ತು. ನಮ್ಮ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಹೊಸ ಧೋತ್ರ ಮೊದಲ ದಿನ ತಗಡಿನಂತೆ ನಿಲ್ಲುತ್ತದೆ. ಆದರೆ ಗೊತ್ತಿರುವುದು ಬೇಕಾದ ಹೊತ್ತಿಗೆ ಬೇಕಾದ ಕಡೆ ಬರುವುದಿಲ್ಲ. ಧೋತ್ರದ ಜ್ಞಾನ ಧೋತ್ರದಲ್ಲೇ ಉಳಿಯಿತು, ಡಬ್ಬಿಯೊಳಗೆ ಇಳಿಯಲಿಲ್ಲ. ಎಣ್ಣೆಯಲ್ಲಿ ಸೇರಿದ ನೀರಿಗೆ ಗಂಜಿ ನೆನೆದು, ಬಿಸಿಗೆ ಬೆಂದು, ನೂಲಿನ ನವಿರಿನೊಡನೆ ಎಣ್ಣೆ ಮೇಲೆತ್ತುವ ಪಂಪಿನ ಜಾಲರಿಗೆ ಹೋಗಿ ಕೂತಿತ್ತು ಎಂದು ಮಿಸ್ತ್ರಿ ಆಮೇಲೆ ಹೇಳಿದ. ಅದು ನಿಜವೋ, ಕೇಳುವುದಕ್ಕೆ ಚೆನ್ನಾಗಿರಲೆಂದು ಹೇಳಿದನೋ.

ಇನ್ನೇನು ಮಾಡುವುದು? ಬಸ್ಸಿಗೆ ಇನ್ನೂ ಬಹಳ ಹೊತ್ತಿದೆ. ಕುಡಚಿಯ ರೈಲು ತಪ್ಪಿದರೆ ಡಾಕ್ಟರು ಕೊಟ್ಟ ದಿನ ತಪ್ಪುತ್ತದೆ, ಅವರು ಮತ್ತೆ ಯಾವಾಗ ದಿನ ಕೊಡುತ್ತಾರೋ. ಆಗ ಹಿಂದೆ ಧೂಳೆದ್ದಿತು. ಬೀಳಗಿಯ ಕಡೆಯಿಂದಲೇ ಒಂದು ಕಾರು ಬಂದು ನಮ್ಮ ಪಕ್ಕದಲ್ಲಿ ನಿಂತಿತು. ಮಲ್ಲಪ್ಪ.

ಈ ಸಲ ಹಾರ್ನ್ ಹೊಡೆಯಲಿಲ್ಲ. ಇದನ್ನು ಶಾಂತಾಳೂ ಒಪ್ಪುತ್ತಾಳೆ.

"ನೀ ಇಲ್ಲಿ ಹ್ಯಾಂಗ?" ಅಂದೆ.

ಅವನು ಮಾವನವರ ಕಡೆ ನೋಡಿದ. ಮಾವನವರು ಕೋಲು ಹುಡುಕುತ್ತ ಇಳಿಯುತ್ತಿದ್ದರು. "ನಾನ ಹೇಳಿದ್ನಿರಿ," ಅಂದರು, ಮೆಲ್ಲಗೆ. "ನಿಮ್ಮ ಗಾಡಿ ಕೂಡ ಇರಲಿ, ಹಿಂದಿಂದ ಇವ್ರೂ ಬರಲಿ ಅಂತ. ಕಣ್ಣಿನ ಕೆಲಸ ನೋಡ್ರಿ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹೂಂ ಅಂದ ದಿನವೇ ಅವರು ಬನಹಟ್ಟಿಗೂ ಹೇಳಿಕಳಿಸಿದ್ದರು. ನನ್ನನ್ನು ನೋಯಿಸಬಾರದೆಂದು ನನ್ನ ಕಾರು ಹತ್ತಿದ್ದರು. ಮಿರಜ ಮುಟ್ಟಬೇಕೆಂದು ಅವನ ಕಾರು ಹಿಂದಿಟ್ಟುಕೊಂಡಿದ್ದರು. ಪ್ರೀತಿ ನನಗೆ, ಭರವಸೆ ಅವನಿಗೆ. ಹಂಚಿಕೆಯಲ್ಲಿ ಅನ್ಯಾಯವಾಗಿದೆ ಎನ್ನಲು ಯಾವ ಕೋರ್ಟಿಗೆ ಹೋಗಲಿ?

ಶಾಂತಾಳೂ ಅಪ್ಪನ ಜೊತೆ ಹತ್ತಿದಳು. ಕಾರು ಹೊರಟಿತು. ಮದುಮಗಳ ಹಾಗೆ, ಸದ್ದಿಲ್ಲದೆ.

ಕಣ್ಣು ಚೆನ್ನಾಗಿಯೇ ಆಯಿತು. ನಾನೀಗ ಮುಂಬೈಯ ಅಗ್ಗದ ಫಿಲ್ಟರ್ ಹಾಕಿಸಿದ್ದೇನೆ, ಹಳೆಯ ಪೇಪರಿನಲ್ಲಿ ಸುತ್ತಿದ್ದು. ಸುಮ್ಮನೆ ಕೆಲಸ ಮಾಡುತ್ತದೆ. ಅದರ ಬಗ್ಗೆ ಯಾರೂ ಕೇಳುವುದಿಲ್ಲ, ನನಗೂ ಹೇಳಿಕೊಳ್ಳುವ ಹುರುಪಿಲ್ಲ.

ಮೊನ್ನೆ ಬೀಳಗಿಯಲ್ಲಿ ಊಟಕ್ಕೆ ಕೂತಾಗ ಮಲ್ಲಪ್ಪನನ್ನು ಕೇಳಿಯೇಬಿಟ್ಟೆ. "ನೀನ ಬಿಳೀ ಗುಡ್ಡಿ ತೋರಿಸಿದ್ಯಲ್ಲೋ?"

"ಎಲ್ಲೀದ್ರಿ ಅಣ್ಣಾರ? ನಾ ಹೊಕ್ಕಿನ ಗುಡ್ಡಿ ತೋರಿಸಿದ್ನಿ. ನೀವು ವಕೀಲರು, ಬೆಳ್ಳಗಿದ್ದದ್ದ ತಗೊಂಡ್ರಿ." ಎಲ್ಲರೂ ನಕ್ಕರು. ಮಾವನವರು ಹೊಸ ಕನ್ನಡಕದೊಳಗಿಂದ ನನ್ನನ್ನು ಸ್ಪಷ್ಟವಾಗಿ ನೋಡಿದರು.

ಇಷ್ಟು ದಿನ ನನ್ನ ನೆನಪಿನಲ್ಲಿ ಮಲ್ಲಪ್ಪ ಬಿಳಿ ಗುಡ್ಡೆಯ ಕಡೆ ಬೆರಳು ಮಾಡಿ ನಿಂತಿದ್ದ, ಉಂಗುರದ ಸಮೇತ. ಮನೆಗೆ ಬರುತ್ತ ನೆನಪಿನಲ್ಲೇ ಮತ್ತೊಮ್ಮೆ ಆ ಕೋಣೆಗೆ ಹೋಗಿ ನಿಂತು ನೋಡಿದೆ. ಅವನ ಒಂದು ಕೈಯಲ್ಲಿ ಎಲೆಯಡಿಕೆಯ ತಟ್ಟೆ ಇತ್ತು, ಇನ್ನೊಂದರಲ್ಲಿ ಸುಣ್ಣದ ಡಬ್ಬಿ. ಬಾಯಿ ತುಂಬ ತಾಂಬೂಲ. ಬೆರಳು ಎಲ್ಲಿಂದ ಬರಬೇಕು? ಅವನು ಗದ್ದ ಮುಂದೆ ಮಾಡಿ "ಹೂಂ" ಅಂದಿದ್ದ, ಅಷ್ಟೇ.

ಆ ಗದ್ದ ಯಾವ ಗುಡ್ಡೆಯ ಕಡೆಗಿತ್ತು, ನನಗೆ ಗೊತ್ತಿಲ್ಲ.