ಹದಿನಾಲ್ಕು ಪುಟದ ಮಂಚ

ತನ್ನಷ್ಟು ಓದುಗರಿರುವ ಬರಹಗಾರ ಸೂರ್ಯನ ಕೆಳಗೆ ಇನ್ನೊಬ್ಬನಿಲ್ಲ ಎಂದು ಅವನು ಎದೆ ತಟ್ಟಿಕೊಳ್ಳುತ್ತಿದ್ದ. ಕಬ್ಬಿಣದ ಮಂಚಗಳ ಕಾರ್ಖಾನೆಯಲ್ಲಿ ಕೆಲಸ. ಬಿಡಿಬಿಡಿಯಾಗಿ ಪೆಟ್ಟಿಗೆ ಸೇರುವ ಮಂಚವನ್ನು ಮನೆಯಲ್ಲಿ ಜೋಡಿಸುವುದು ಹೇಗೆಂದು ಬರೆಯುವವನು ಅವನೇ. ಪ್ರತಿ ಪೆಟ್ಟಿಗೆಯಲ್ಲೂ ಅವನ ಹದಿನಾಲ್ಕು ಪುಟದ ಕೈಪಿಡಿ.

"ಕವಿಗಳನ್ನ ಜನ ಕಪಾಟಲ್ಲಿಡ್ತಾರೆ. ನನ್ನನ್ನ ನಂಬಿ ಮಲಗ್ತಾರೆ," ಎನ್ನುತ್ತಿದ್ದ.

ಕಾರ್ಖಾನೆಯವರು ಅವನಿಗೆ 'ಗ್ರಂಥಕರ್ತ' ಎಂದು ಹೆಸರಿಟ್ಟಿದ್ದರು. ಅದು ಗೇಲಿಯೆಂದು ತಿಳಿಯದವನು ಅವನೊಬ್ಬನೇ.

ಒಂದು ಸೋಮವಾರ ಮ್ಯಾನೇಜರು ಅವನನ್ನು ಕರೆಸಿ ಮೇಜಿನ ಮೇಲೆ ಒಂದು ಮೂಟೆ ಸುರಿದರು. ಎಲ್ಲವೂ ದೂರಿನ ಪತ್ರಗಳು. ಪೇರಿಸಿದ್ದರೆ ಚಂದ್ರನವರೆಗೆ ಹತ್ತಬಹುದಿತ್ತು. ಇಳಿಯುವುದಕ್ಕೆ ಇನ್ನೊಂದು ಮೂಟೆ ಮೂಲೆಯಲ್ಲಿತ್ತು.

"ಇಪ್ಪತ್ತಾರು ವರ್ಷದ ಸರ್ವಿಸು ಅಂತ ಸುಮ್ನಿದ್ದೆ ಕಣಯ್ಯ. ಶನಿವಾರದೊಳಗೆ ಅರ್ಥ ಆಗೋ ಹಾಗೆ ಬರ್ಕೊಂಡು ಬಾ. ಇಲ್ಲಾಂದ್ರೆ ನಿನ್ನ ಹುದ್ದೇನೇ ತೆಗೀತಾರೆ."

ಓದುವವರಿಗೇ ಬುದ್ಧಿಯಿಲ್ಲವೆಂದು ಗೊಣಗುತ್ತ ಮನೆಗೆ ಬಂದ. ಮನೆಯಲ್ಲಿದ್ದವಳು ಅಕ್ಕ, ನಿವೃತ್ತ ದಾದಿ. ಅವಳ ಸೂಜಿಗಿಂತ ಮಾತೇ ಆಳಕ್ಕೆ ಇಳಿಯುತ್ತಿತ್ತೆಂದು ಬದುಕುಳಿದವರು ಹೇಳುತ್ತಾರೆ.

"ಒಂದು ಪೆಟ್ಟಿಗೆ ತಗೊಂಡ್ಬಾ. ನಾನು ಓದ್ಕೊಂಡು ಜೋಡಿಸ್ತೀನಿ. ನೀನು ದೂರ ಕೂತ್ಕೋ. ಬಾಯಿ ಬಿಡಬಾರದು."

"ಬಿಡಲ್ಲ."

"ನಿನ್ನ ನಂಬಿದ್ರೆ ಆಯ್ತು!" ಅಕ್ಕ ನೀರಿನ ಲೋಟ ಚಾಚಿದಳು. "ಬಾಯಲ್ಲಿ ತುಂಬ್ಕೋ. ನುಂಗಿದ್ರೂ ಸೋತೆ, ಉಗಿದ್ರೂ ಸೋತೆ."

ಕೆನ್ನೆ ಉಬ್ಬಿಸಿಕೊಂಡು ಅವನು ಗೋಡೆಗೊರಗಿದ.

"'ನಿದ್ರೆಯೆಂಬುದು ನಿಸರ್ಗ ನೀಡಿದ ಅಮೂಲ್ಯ ವರ,'" ಅಕ್ಕ ಗಟ್ಟಿಯಾಗಿ ಓದಿದಳು. "ಸರಿ, ಬೋಲ್ಟ್ ಎಲ್ಲೋ?"

ಬೋಲ್ಟು ಬಂದದ್ದು ನಾಲ್ಕನೇ ಪುಟದಲ್ಲಿ. ಎಂಟನ್ನೂ ಬೆವರು ಸುರಿಸಿ ಬಿಗಿದ ಮೇಲೆ ಒಂಬತ್ತನೇ ಪುಟ ಹೇಳಿತು: ಬೋಲ್ಟು ಬಿಗಿಯುವ ಮುನ್ನ ವಾಷರ್ ಹಾಕಲು ಮರೆಯದಿರಿ. ಅಕ್ಕ ಎಂಟನ್ನೂ ಬಿಚ್ಚತೊಡಗಿದಳು. ಹೆಬ್ಬೆರಳ ಉಗುರು ಕಿತ್ತು ರಕ್ತ ಬಂತು. ಸೆರಗಿಗೆ ಒರೆಸಿಕೊಂಡು ಮುಂದಿನ ಸಾಲು ಓದಿದಳು. ತನ್ನನ್ನು ಓದುವ ಮನುಷ್ಯರನ್ನು ಅವನು ಕಂಡದ್ದು ಅದೇ ಮೊದಲು. ಬಾಯಿಯ ನೀರು ಬಾಯಲ್ಲೇ ಇತ್ತು. ಕಣ್ಣಲ್ಲಿ ಬಂದದ್ದು ಬೇರೆ.

ನಾಲ್ಕು ದಿನದಲ್ಲಿ ಅಕ್ಕ ಮಂಚವನ್ನು ಹದಿನೇಳು ಸಲ ಕಟ್ಟಿ ಬಿಚ್ಚಿದಳು. ಅವನು ಒಂದು ಕೆರೆಯಷ್ಟು ನೀರನ್ನು ಬಾಯಲ್ಲಿ ಹಿಡಿದ. ಅವಳು ತಡವರಿಸಿದಲ್ಲೆಲ್ಲ ಗೀಟು ಹಾಕಿದ. ನಿದ್ರೆ ಹೋಯಿತು, ನಿಸರ್ಗ ಹೋಯಿತು, ಅಮೂಲ್ಯ ವರ ಅಳುತ್ತ ಹೋಯಿತು. ಉಳಿದದ್ದು ಹನ್ನೆರಡು ವಾಕ್ಯ. ಶುಕ್ರವಾರ, ಬಲ್ಬು ಬದಲಿಸಲೂ ಬಾರದ ಪಕ್ಕದ ಮನೆಯ ತಾತ ಅದನ್ನೋದಿ ಒಬ್ಬನೇ ಮಂಚ ಜೋಡಿಸಿ, ಅದರ ಮೇಲೇ ಗೊರಕೆ ಹೊಡೆದ.

ಶನಿವಾರ ಬೆಳಿಗ್ಗೆ ಹಾಳೆ ಓದಿದ ಮ್ಯಾನೇಜರು ಅದನ್ನು ಒಳಗೆ ಕಳಿಸಿದರು. ಮಧ್ಯಾಹ್ನ ಅವನನ್ನು ಕರೆದು ಇನ್ನೊಂದು ಹಾಳೆ ತೋರಿಸಿದರು. ಅದರಲ್ಲಿ ಹನ್ನೆರಡು ಚಿತ್ರಗಳಿದ್ದವು, ಒಂದಕ್ಷರವೂ ಇರಲಿಲ್ಲ.

"ಎಷ್ಟು ಚೆನ್ನಾಗಿ ಬರ್ದಿದೀಯ ಅಂದ್ರೆ, ಚಿತ್ರಗಾರ ಒಂದು ಪ್ರಶ್ನೇನೂ ಕೇಳಲಿಲ್ಲ. ವಾಕ್ಯಕ್ಕೊಂದು ಚಿತ್ರ ಬರೆದುಬಿಟ್ಟ. ಇನ್ನು ಬರಹಾನೇ ಬೇಡ ಅಂತ ಮೇಲಿನವರು."

"ಹಾಗಾದ್ರೆ ನಾನು, ಸಾರ್?"

ಮ್ಯಾನೇಜರು ಫ್ಯಾನಿನ ಕಡೆ ನೋಡಿದರು. "ತಿಂಗಳ ಕೊನೆವರೆಗೂ ಬಾ. ಹ್ಞಾಂ, ಇದನ್ನೊಂದ್ಸಲ ನೋಡಿ, ತಪ್ಪಿದ್ರೆ ಹೇಳು."

ಅವನು ನೋಡಿದ. ಏಳನೇ ಚಿತ್ರದಲ್ಲಿ ಒಂದು ಕೈ ಪಟ್ಟಿ ಎತ್ತಿಹಿಡಿದಿತ್ತು, ಇನ್ನೊಂದು ಕೈ ಬೋಲ್ಟು ಹಿಡಿದಿತ್ತು, ಮತ್ತೊಂದು ಸ್ಪ್ಯಾನರ್ ತಿರುಗಿಸುತ್ತಿತ್ತು.

"ಈ ಮನುಷ್ಯನಿಗೆ ಮೂರು ಕೈ ಇದೆ, ಸಾರ್."

"ಅಯ್ಯೋ, ಅಷ್ಟು ಜನಕ್ಕೆ ತಿಳಿಯುತ್ತೆ ಬಿಡಯ್ಯ."

"ನಾನೂ ಇಪ್ಪತ್ತಾರು ವರ್ಷ ಹಾಗೇ ಅಂದ್ಕೊಂಡಿದ್ದೆ, ಸಾರ್."