ಹನ್ನೊಂದು ಚೀಲ, ಒಂದೇ ಹೆಸರು

ತ್ಲಾಸ್ಕಾಲದ ನಮ್ಮ ಬೀಜ ಕೇಂದ್ರದಲ್ಲಿ ಒಂಬತ್ತು ಸಾವಿರ ಚೀಲ ಬೀಜ ಇವೆ. ಯಾವುದು ಯಾವ ಊರಿನದು, ಯಾರದು, ಎಷ್ಟು ಎತ್ತರದ ಹೊಲದ್ದು ಎಂಬುದೆಲ್ಲ ಕಂಪ್ಯೂಟರಿನಲ್ಲಿದೆ ಎಂದರೆ ಅದು ಒಬ್ದುಲಿಯಾ ಕ್ವಾಮಾತ್ಸಿ ಅವರ ಮೂವತ್ತೊಂದು ವರ್ಷದ ಕೆಲಸ. ಮೊದಲು ರಟ್ಟಿನ ಕಾರ್ಡುಗಳಿದ್ದವು. ಅವನ್ನೂ ಒಂದೊಂದಾಗಿ ಕಂಪ್ಯೂಟರಿಗೆ ತುಂಬಿದವರು ಅವರೇ. ಇಷ್ಟೆಲ್ಲ ಬೀಜ ಗೊತ್ತಿದ್ದೂ ಒಂದು ದಿನ ಚಪ್ಪಲಿಗೆ ಮಣ್ಣು ಮೆತ್ತಿಸಿಕೊಂಡವರಲ್ಲ ಎಂದು ನಾನು ರೇಗಿಸುತ್ತಿದ್ದೆ. ನನ್ನ ಕೆಲಸ ಸ್ವೆಟರ್ ಹಾಕಿಕೊಂಡು ಶೀತಲ ಕೋಣೆಯಲ್ಲಿ ಚೀಲ ಜೋಡಿಸುವುದು.

ಆ ಫೆಬ್ರವರಿಯಲ್ಲಿ ಕೋಣೆ ತುಂಬಿತು. ಒಂದೇ ಬೀಜದ ಹೆಚ್ಚುವರಿ ಚೀಲಗಳನ್ನು ಶುಕ್ರವಾರ ಕೋಳಿ ಫಾರಂಗೆ ಕಳಿಸಿಬಿಡಿ ಎಂದರು ಮುಖ್ಯಸ್ಥ ಆನ್ಸೆಲ್ಮೊ. ಒಬ್ದುಲಿಯಾ ಪಟ್ಟಿ ತೆಗೆದರು. ಹನ್ನೊಂದು ಚೀಲ ನೀಲಿ ಮೆಕ್ಕೆಜೋಳ, ಒಂದೇ ಊರು, ಒಂದೇ ವರ್ಷ, ಎಲ್ಲದರ ಮೇಲೂ ಎಪಿಫಾನಿಯಾ ಎಂಬ ಹೆಸರು. ಒಂದನ್ನಿಟ್ಟು ಹತ್ತನ್ನು ಖುಷಿಯಿಂದ ಕೈಗಾಡಿಗೆ ಹಾಕಿದೆ.

ಬುಧವಾರ ಒಬ್ದುಲಿಯಾ ಗಾಡಿಯ ಹತ್ತಿರ ಬಂದು ನಿಂತರು.

"ರುತಿಲಿಯೊ, ಒಬ್ಬಳೇ ಹೆಂಗಸು ಹನ್ನೊಂದು ಸಲ ಯಾಕಪ್ಪಾ ಬೀಜ ಕೊಡ್ತಾಳೆ?"

"ಕೈ ದೊಡ್ಡದಿರಬೇಕು ಬಿಡಿ."

"ಗಾಡಿ ಮುಟ್ಟಬೇಡ. ನಾಳೆ ಆ ಊರಿಗೆ ಹೋಗೋಣ."

"ನೀವು? ಹೊಲಕ್ಕೆ? ಚಪ್ಪಲಿ ಗತಿ ಏನು?"

ಊರಿನಲ್ಲಿ ಎಪಿಫಾನಿಯಾಳ ಮಗಳು, ಎಂಬತ್ತು ದಾಟಿದ ತೊಮಾಸಾ ಅಜ್ಜಿ ಸಿಕ್ಕರು. ವಿಷಯ ಕೇಳಿ ಬಿದ್ದು ಬಿದ್ದು ನಕ್ಕರು.

"ನಮ್ಮವ್ವ ಹೋಗಿ ನಲವತ್ತು ವರ್ಷ ಆಯ್ತು ಮಗಳೇ. ನಿಮ್ಮ ಕೇಂದ್ರದೋರು ಬಂದಿದ್ದು ಇಪ್ಪತ್ತೆಂಟು ವರ್ಷದ ಹಿಂದೆ. ನಿಮಗೆ ಬೀಜ ಕೊಡೋಕೆ ಗೋರಿಯಿಂದ ಎದ್ದು ಬಂದಿದ್ಲಾ? ಅವತ್ತು ಏನಂತ ಕೇಳಿದ್ರು ಅವರು?"

"ಕಾರ್ಡಲ್ಲಿ 'ಯಾರ ಬೀಜ' ಅಂತ ಇತ್ತು," ಎಂದರು ಒಬ್ದುಲಿಯಾ.

"ಮತ್ತೆ! ನಮ್ಮಲ್ಲಿ ಕೊಟ್ಟೋರ ಹೆಸರೇ ಬೀಜಕ್ಕೆ. ಇಸ್ಕೊಂಡೋರು ಸಾಯೋವರೆಗೂ ಬಿತ್ತಿದ್ರೂ ಅಷ್ಟೆ. ನಮ್ಮವ್ವ ಹನ್ನೊಂದು ಮನೆಗೆ ಕೊಟ್ಟಿದ್ಲು, ಒಂದೊಂದು ಹೊಲದಲ್ಲಿ ಅದು ಒಂದೊಂದು ಥರ ಆಯ್ತು. ಹಳ್ಳದ ಕಡೆಯದ್ದಕ್ಕೆ ಈಗ ಆರು ತಿಂಗಳು ಬೇಕು. ನನ್ನ ಗುಡ್ಡದ ಹೊಲದ್ದು ನಾಲ್ಕೇ ತಿಂಗಳಿಗೆ, ಹಿಮ ಬೀಳೋ ಮುಂಚೆ ಮನೆಗೆ. ಅದೂ ಇದೂ ಒಂದೇನಾ?" ಅಜ್ಜಿಯ ನಗು ಅಲ್ಲಿಗೆ ನಿಂತಿತು. "ಎರಡು ವರ್ಷದ ಹಿಂದೆ ಆಲಿಕಲ್ಲಿಗೆ ನನ್ನದು ಪೂರ್ತಿ ಹೋಯ್ತು. ಈಗ ಏನು ಬಿತ್ತಿದ್ರೂ ಹಿಮಕ್ಕೇ ಆಹುತಿ."

ಕಾರ್ಡಿನ ಆ 'ಯಾರ ಬೀಜ' ಪ್ರಶ್ನೆ ಬರೆದವರು ಒಬ್ದುಲಿಯಾ ಅವರೇ. ವಾಪಸ್ ಬರುವಾಗ ಅವರ ಚಪ್ಪಲಿ ತುಂಬ ಮಣ್ಣಿತ್ತು. ಆದರೂ ನನಗೆ ರೇಗಿಸಲು ಮನಸ್ಸಾಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಒಬ್ದುಲಿಯಾ ನೇರ ಆನ್ಸೆಲ್ಮೊ ಮುಂದೆ ನಿಂತು, "ತಪ್ಪು ನನ್ನದು. ಹನ್ನೊಂದೂ ಬೇರೆ ಬೇರೆ ಬೀಜ, ವಾಪಸ್ ಒಳಗಿಡಬೇಕು," ಎಂದರು.

"ಜಾಗ ಎಲ್ಲಿದೆ ತಾಯಿ?"

"ಕೋಣೇಲಿ ನಿಮ್ಮ ಬಿಯರ್ ಕ್ರೇಟು ಎರಡಿವೆಯಲ್ಲ ಸಾರ್. ಎರಡೂ ಒಂದೇ ಥರದ್ದು. ಒಂದನ್ನ ಇಟ್ಟು ಇನ್ನೊಂದನ್ನ ಕೋಳಿಗೆ ಕಳಿಸೋಣ."

ಚೀಲಗಳು ಒಳಗೆ ಹೋದವು. ಹೊಲದ ಎತ್ತರ ಎಲ್ಲಕ್ಕಿಂತ ಹೆಚ್ಚೆಂದು ಬರೆದಿದ್ದ ಚೀಲವೇ ಗುಡ್ಡದ್ದು. ಅದು ಗಾಡಿಯಲ್ಲಿ ಎಲ್ಲಕ್ಕಿಂತ ಕೆಳಗಿತ್ತು, ಹಾಕಿದವನು ನಾನೇ. ಅದರಿಂದ ನಾಲ್ಕು ಹಿಡಿ ಬೀಜ ತೊಮಾಸಾ ಅಜ್ಜಿಗೆ ಹೋಯಿತು.

ನವೆಂಬರಿನಲ್ಲಿ ಅಜ್ಜಿ ಚೀಲ ಹೊತ್ತು ತಾವೇ ಬಂದರು. ಹಿಮಕ್ಕೆ ಮೊದಲೇ ಬೆಳೆ ಮನೆ ಸೇರಿತ್ತು. ಒಬ್ದುಲಿಯಾ ಹೊಸ ದಾಖಲೆ ತೆರೆದರು. ಈಗ ಅದರಲ್ಲಿ ಎರಡು ಪ್ರಶ್ನೆಗಳಿದ್ದವು.

"ಬಿತ್ತಿದವರು ನೀವು. ಕೊಟ್ಟವರು ಎಪಿಫಾನಿಯಾ, ಅಲ್ವಾ ಅಜ್ಜಿ?"

"ಅವ್ವ ಕೊಟ್ಟಿದ್ದು ಆಲಿಕಲ್ಲಿಗೆ ಹೋಯ್ತಲ್ಲ. ಇದನ್ನ ಕೊಟ್ಟವಳು ನೀನು. ಊರಲ್ಲಿ ಎಲ್ರೂ ಒಬ್ದುಲಿಯಾ ಜೋಳ ಅಂತಾರೆ. ಸರಿಯಾಗಿ ಬರ್ಕೋ ಈ ಸಲ."

ಒಂಬತ್ತು ಸಾವಿರ ದಾಖಲೆ ಬರೆದವರಿಗೆ ಆ ಒಂದು ಹೆಸರು ಬರೆಯಲು ಆಗಲಿಲ್ಲ, ಕಣ್ಣು ತುಂಬಿ ಅಕ್ಷರ ಕಾಣುತ್ತಿರಲಿಲ್ಲ. ಕೊನೆಗೆ ನಾನೇ ಸ್ವೆಟರಿನ ತೋಳು ಮಡಿಚಿ, ಒಂದು ಬೆರಳಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ.